ಅಪ್‌ಡೇಟ್: ಚರಂಡಿ ಕಾಮಗಾರಿಯ ಲೆಕ್ಕ ಕೊನೆಗೂ ಕೈಗೆ ಬಂತು

ಹಾಸನ ಜಿಲ್ಲೆಯ ಮಲೆನಾಡು ಭಾಗದ ನಮ್ಮ ಗ್ರಾಮ ಪಂಚಾಯಿತಿಯವರು ಚರಂಡಿ ಕಾಮಗಾರಿಯ ಖರ್ಚಿನ ವಿವರ ತೋರಿಸುತ್ತಿಲ್ಲ, ಏನು ಮಾಡಬೇಕು ಎಂದು ಬೇಸಿಗೆಯಲ್ಲಿ ಕೇಳಿದ್ದೆ. ಬಾಯಿಮಾತು ಬಿಟ್ಟು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಎಂದವರ ಸಲಹೆಯಂತೆ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಅಂದಾಜು ಪಟ್ಟಿ, ಅಳತೆ ಪುಸ್ತಕ ಹಾಗೂ ಬಿಲ್ಲುಗಳ ನಕಲು ಕೋರಿದೆ. 30 ದಿನ ಕಳೆದರೂ ಉತ್ತರ ಬಾರದ ಕಾರಣ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಿದೆ. ಆಮೇಲೆ ದಾಖಲೆಗಳು ಬಂದವು; ಅವಧಿ ಮೀರಿದ್ದರಿಂದ 2005ರ ಕಾಯ್ದೆಯಂತೆ ನಕಲಿನ ಶುಲ್ಕವನ್ನೂ ಕೊಡಬೇಕಾಗಲಿಲ್ಲ.

ಅಳತೆ ಪುಸ್ತಕದಲ್ಲಿ ಚರಂಡಿಯ ಉದ್ದ 120 ಮೀಟರ್ ಎಂದಿತ್ತು. ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯಬೇಕಾದ ಜಮಾಬಂದಿಯಲ್ಲಿ (ಪಂಚಾಯಿತಿಯ ಲೆಕ್ಕಪತ್ರ, ಕಾಮಗಾರಿಗಳನ್ನು ಅಧಿಕಾರಿಯೊಬ್ಬರು ಜನರೆದುರು ಪರಿಶೀಲಿಸುವ ಸಭೆ) ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸಲು ಅವಕಾಶವಿರುವುದರಿಂದ, ಜಿಟಿಜಿಟಿ ಮಳೆಯಲ್ಲೇ ಅಧಿಕಾರಿಯ ಎದುರು ಟೇಪು ಹಿಡಿಸಿದೆವು. 86 ಮೀಟರಿಗೆ, ಹಲಸಿನ ಮರದ ಬುಡದಲ್ಲಿ, ಕಾಂಕ್ರೀಟು ಮುಗಿದಿತ್ತು. ಅದರಾಚೆ ಕೆಸುವಿನ ಗಿಡಗಳಷ್ಟೇ ಇದ್ದವು. "ಊರಿನ ಮಾನ ಕಳೀತೀರಲ್ಲ ಅಣ್ಣಾ" ಎಂದು ವಾರ್ಡಿನ ಸದಸ್ಯರೊಬ್ಬರು ಗೊಣಗಿದರು. ಚರಂಡಿ ನಿಂತ ಜಾಗದಿಂದ ಅವರ ಮನೆಯಂಗಳಕ್ಕೇ ಕೊಳೆನೀರು ಹರಿಯುತ್ತದೆ ಎಂಬುದನ್ನು ನಾನು ನೆನಪಿಸಲಿಲ್ಲ.

ವ್ಯತ್ಯಾಸವನ್ನು ಜಮಾಬಂದಿ ವರದಿಯಲ್ಲಿ ದಾಖಲಿಸಿ, ಹಾಜರಿದ್ದವರ ಸಹಿ ಪಡೆಯಲಾಗಿದೆ. ಹಣ ವಸೂಲಿಯ ಆದೇಶ ಇನ್ನೂ ಆಗಿಲ್ಲವಾದ್ದರಿಂದ, ವರದಿಯ ದೃಢೀಕೃತ ಪ್ರತಿಯೊಂದಿಗೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ಸೋಮವಾರ ದೂರು ಕೊಡುತ್ತಿದ್ದೇನೆ.