ಸಹಾಯ ಬೇಕು: ಥೈರಾಯ್ಡ್ ಮಾತ್ರೆ, ಕಬ್ಬಿಣ, ಕ್ಯಾಲ್ಸಿಯಂ ಮಧ್ಯೆ ಮಲ್ಟಿವಿಟಮಿನ್ ಯಾವಾಗ?

ಬೆಳಿಗ್ಗೆ 6ಕ್ಕೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ (ಲೆವೊಥೈರಾಕ್ಸಿನ್). ಕಬ್ಬಿಣ, ಕ್ಯಾಲ್ಸಿಯಂ ಎರಡೂ ಅದನ್ನ ಕರುಳಲ್ಲೇ ಹಿಡ್ಕೊಂಡು ರಕ್ತಕ್ಕೆ ಸೇರೋಕೆ ಬಿಡಲ್ಲ, ಅದಕ್ಕೆ ಕನಿಷ್ಠ 4 ಗಂಟೆ ಅಂತರ ಬೇಕೇ ಬೇಕು. ಹಾಗಾಗಿ ಕಬ್ಬಿಣ 11ಕ್ಕೆ. ಅದರ ಹಿಂದೆಮುಂದೆ ಒಂದು ಗಂಟೆ ಕಾಫಿ, ಟೀ ಇಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ 500 ಮಿ.ಗ್ರಾಂ ರಾತ್ರಿ ಊಟದ ಜೊತೆಗೇ, ಯಾಕಂದ್ರೆ ಅದು ಕರಗೋಕೆ ಹೊಟ್ಟೆಯ ಆಮ್ಲ ಬೇಕು. ಇಷ್ಟರವರೆಗೆ ಸರಿಯಾಗಿ ಕೂತಿದೆ.

ಸಿಕ್ಕಿಹಾಕಿಕೊಂಡಿರೋದು ಮಲ್ಟಿವಿಟಮಿನ್ ಹತ್ರ. ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿದ್ರೆ ಒಂದೇ ಗುಳಿಗೆಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ, ಸತು, ಬಯೋಟಿನ್ (ಒಂದು ಬಿ ವಿಟಮಿನ್) ಎಲ್ಲಾ ಇದೆ. ಬೆಳಗಿನ ತಿಂಡಿ ಜೊತೆ ಕೊಟ್ರೆ ಥೈರಾಯ್ಡ್ ಮಾತ್ರೆಗೆ ಅಡ್ಡಿ. ಮಧ್ಯಾಹ್ನಕ್ಕೆ ಹಾಕಿ ನೋಡಿದ್ದಾಯ್ತು, ಕಬ್ಬಿಣ ಎರಡೆರಡು ಸಲ ಆಗಿ ಮಲಬದ್ಧತೆ ಶುರುವಾಯ್ತು. ಬಯೋಟಿನ್ ಬೇರೆ ಥೈರಾಯ್ಡ್ ರಕ್ತಪರೀಕ್ಷೆಯ ಫಲಿತಾಂಶವನ್ನೇ ಏರುಪೇರು ಮಾಡುತ್ತೆ, ಪರೀಕ್ಷೆಗೆ ಕನಿಷ್ಠ 2 ದಿನ ಮೊದಲೇ ನಿಲ್ಲಿಸ್ಬೇಕು (ಇದನ್ನ ತುಂಬಾ ಜನ ಮರೀತಾರೆ, ದಯವಿಟ್ಟು ಮರೀಬೇಡಿ).

ರಕ್ತಪರೀಕ್ಷೆಯಲ್ಲಿ ಕಡಿಮೆ ಬಂದಿರೋದು ಫೆರಿಟಿನ್ (ದೇಹದಲ್ಲಿರೋ ಕಬ್ಬಿಣದ ದಾಸ್ತಾನು ತೋರಿಸೋ ಅಂಶ) ಮತ್ತು ವಿಟಮಿನ್ ಡಿ ಮಾತ್ರ. ಬಿ12 ಸರಿಯಿದೆ, ಊಟವೂ ಚೆನ್ನಾಗಿದೆ. ಹೀಗಿರುವಾಗ ಮಲ್ಟಿವಿಟಮಿನ್ ಪೂರ್ತಿ ಬಿಟ್ಟು ಡಿ3 ಒಂದನ್ನೇ ಎಣ್ಣೆ-ತುಪ್ಪ ಇರೋ ಊಟದ ಜೊತೆ ಕೊಟ್ರೆ ಸಾಕಾ, ಇಲ್ಲ ಕಬ್ಬಿಣವಿಲ್ಲದ ಮಲ್ಟಿವಿಟಮಿನ್‌ನಿಂದ ನಿಜಕ್ಕೂ ಹೆಚ್ಚಿನ ಉಪಯೋಗ ಇದೆಯಾ? ಇದೇ ಮೂರು ಮಾತ್ರೆ ಹೊಂದಿಸಿರೋರು, ಔಷಧ ತಜ್ಞರು ಕಾರಣ ಸಮೇತ ಹೇಳಿ.