ಹಳೆ ಜೆಟ್ ಸ್ಕೀ ಸೈಲೆನ್ಸರ್‌ಗೆ ಎರಡನೇ ನೀರಿನ ಲೈನ್ ಹಾಕಬಹುದಾ?

ಪ್ರಶ್ನೆ (ಹಾವೇರಿ):
ಅಣ್ಣಾರೆ ನಮಸ್ಕಾರ. ಕಾರವಾರದ ಕಡೆಯಿಂದ ಹಳೆಯ ಜೆಟ್ ಸ್ಕೀ (ನೀರಿನ ಮೇಲೆ ಓಡಿಸುವ ಸ್ಕೂಟರ್) ಒಂದನ್ನು ತಂದಿದ್ದೇನೆ. 1990ರ ದಶಕದ ಗಾಡಿ, 2 ಸಿಲಿಂಡರ್, ಟು-ಸ್ಟ್ರೋಕ್. ಇಷ್ಟು ವರ್ಷ ಸಮುದ್ರದಲ್ಲೇ ಓಡಿದ್ದು. ಐದು ನಿಮಿಷ ಜೋರಾಗಿ ಓಡಿಸಿದರೆ ರಬ್ಬರ್ ಸುಟ್ಟ ವಾಸನೆ ಬರುತ್ತದೆ. ಬಿಚ್ಚಿ ನೋಡಿದೆ. ಸೈಲೆನ್ಸರ್ ಪೈಪಿನಿಂದ ವಾಟರ್ ಬಾಕ್ಸ್‌ಗೆ (ಹೊಗೆ, ನೀರು ಎರಡೂ ಹೊರಗೆ ಹೋಗುವ ಮುಂಚೆ ಸೇರುವ ಡಬ್ಬಿ) ಹೋಗುವ ದಪ್ಪ ರಬ್ಬರ್ ಹೋಸ್ ಒಳಗಡೆ ಕರಕಲಾಗಿದೆ. ಗಾಡಿಯ ಪಕ್ಕದಿಂದ ಪಿಚಕಾರಿ ಹಾಗೆ ಹೊರಗೆ ಚಿಮ್ಮಬೇಕಾದ ನೀರು ಸುಮ್ನೆ ಜಿನುಗುತ್ತದೆ. ಪಂಪಿನಿಂದ ಇನ್ನೊಂದು ಲೈನ್ ಎಳೆದು ನೇರವಾಗಿ ಸೈಲೆನ್ಸರ್‌ಗೆ ಕೊಡೋಣ ಅಂತಿದ್ದೇನೆ. ಗೆಳೆಯ ಉಲ್ಟಾ ಹೇಳುತ್ತಾನೆ: ಪೈಪಿನ ಒಳಗೆ ಬೀಳುವ ನೀರನ್ನೇ ಬಂದ್ ಮಾಡು, ಸ್ಪೀಡ್ ಜಾಸ್ತಿ ಆಗುತ್ತೆ ಅಂತ. ಯಾವುದು ಸರಿ?

ಉತ್ತರ (ಬೋಟ್ ಎಂಜಿನ್ ಮೆಕ್ಯಾನಿಕ್, ಹುಬ್ಬಳ್ಳಿ):
ತಮ್ಮಾ, ಮೊದಲು ಗಾಡಿಯನ್ನು ನೀರಿಗೆ ಇಳಿಸುವುದು ನಿಲ್ಲಿಸಿ. ಆ ಹೋಸ್ ತೂತು ಬಿದ್ದರೆ ಬಿಸಿ ಹೊಗೆ ಗಾಡಿಯ ಹೊಟ್ಟೆಯೊಳಗೇ ತುಂಬುತ್ತದೆ. ಪೆಟ್ರೋಲ್ ಟ್ಯಾಂಕ್ ಇರುವುದೂ ಅಲ್ಲೇ. ಹೊಗೆ ಜೊತೆ ನೀರೂ ಒಳಗೆ ಬರುತ್ತದೆ, ಗಾಡಿ ಮುಳುಗುವುದಕ್ಕೆ ಅಷ್ಟು ಸಾಕು.

ಈ ಗಾಡಿಗಳಿಗೆ ರೇಡಿಯೇಟರ್ ಇಲ್ಲ, ಬೇರೆ ವಾಟರ್ ಪಂಪೂ ಇಲ್ಲ. ಗಾಡಿಯನ್ನು ಮುಂದಕ್ಕೆ ತಳ್ಳುವ ಜೆಟ್ ಪಂಪಿನ ನೀರಲ್ಲೇ ಒಂದಿಷ್ಟು ಸಣ್ಣ ಹೋಸಿನಲ್ಲಿ ಎಂಜಿನ್‌ಗೆ ಹೋಗುತ್ತದೆ. ಸಿಲಿಂಡರ್, ಹೆಡ್, ಆಮೇಲೆ ಸೈಲೆನ್ಸರ್ ಪೈಪಿನ ಹೊರ ಜಾಕೆಟ್ (ಪೈಪಿನ ಸುತ್ತ ನೀರು ಹರಿಯುವ ಪದರ) ಸುತ್ತಿ ಬಂದು ಬಹುಪಾಲು ಹೊರಗೆ ಹೋಗುತ್ತದೆ. ಉಳಿದ ಸ್ವಲ್ಪ ನೀರು ಪೈಪಿನ ಕೊನೆಯಲ್ಲಿ ಹೊಗೆಯ ಒಳಗೇ ಬೀಳುತ್ತದೆ. ನಿಮ್ಮ ರಬ್ಬರ್ ಹೋಸನ್ನು ಕಾಯುವುದು ಆ ಸ್ವಲ್ಪ ನೀರೇ.

ಗೆಳೆಯ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಟು-ಸ್ಟ್ರೋಕ್ ಸೈಲೆನ್ಸರ್‌ನಲ್ಲಿ ಒತ್ತಡದ ಅಲೆ ಹೋಗಿ ವಾಪಸ್ ಬಂದು, ತಪ್ಪಿಸಿಕೊಳ್ಳುವ ಹೊಸ ಪೆಟ್ರೋಲ್ ಗಾಳಿಯನ್ನು ಸಿಲಿಂಡರಿಗೆ ಮರಳಿ ನೂಕುತ್ತದೆ. ಹೊಗೆ ಬಿಸಿ ಇದ್ದಷ್ಟೂ ಆ ಅಲೆ ಬೇಗ ಬರುತ್ತದೆ, ಹೆಚ್ಚಿನ ಆರ್‌ಪಿಎಂಗೆ (ಎಂಜಿನ್ ತಿರುಗುವ ವೇಗಕ್ಕೆ) ಅದು ಹೊಂದುತ್ತದೆ. ಅದಕ್ಕೇ ರೇಸ್‌ನವರು ವಾಲ್ವ್ ಹಾಕಿ ಮೇಲಿನ ಆರ್‌ಪಿಎಂನಲ್ಲಿ ಮಾತ್ರ ನೀರು ಕಡಿಮೆ ಮಾಡುತ್ತಾರೆ. ಪೂರ್ತಿ ಬಂದ್ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನಿಮ್ಮ ಕರಕಲು ಹೋಸೇ ಸಾಕ್ಷಿ. ನಿಮ್ಮ ಗಾಡಿಯಲ್ಲಿ ಯಾರೂ ಬಂದ್ ಮಾಡಿಲ್ಲ, ಉಪ್ಪು ಬಂದ್ ಮಾಡಿದೆ ಅಂತ ನನ್ನ ಅಂದಾಜು. ಹೊಸ ಲೈನ್ ಆಮೇಲೆ ನೋಡೋಣ. ಮೊದಲು ಹಳೆ ದಾರಿ ಬಿಡಿಸಿ.

ಎಲ್ಲ ಸಣ್ಣ ಹೋಸ್ ಬಿಚ್ಚಿ, ಒಂದೊಂದಕ್ಕೂ ಬಾಯಿಂದ ಊದಿ ನೋಡಿ. ಪೈಪ್ ಇಳಿಸಿ, ಜಾಕೆಟ್ ತುಂಬ ಬಿಳಿ ವಿನೆಗರ್ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಚೆನ್ನಾಗಿ ತೊಳೆಯಿರಿ. ಕಕ್ಕಸು ತೊಳೆಯುವ ಆ್ಯಸಿಡ್ ಮಾತ್ರ ಬೇಡ, ಅದು ಅಲ್ಯೂಮಿನಿಯಂ ತಿನ್ನುತ್ತದೆ.

ಇಷ್ಟಾದ ಮೇಲೂ ನೀರು ಸಾಲದಿದ್ದರೆ ಎರಡನೇ ಲೈನ್ ಹಾಕಬಹುದು. ಪಂಪಿನಲ್ಲಿ ಫ್ಯಾನಿನ ಹಿಂದೆ, ಈಗಿರುವ ನಿಪ್ಪಲ್ (ಹೋಸ್ ಸಿಕ್ಕಿಸುವ ಸಣ್ಣ ಕೊಳವೆ) ಇದ್ದ ಭಾಗದಲ್ಲೇ ತೂತು ಹೊಡೆಸಿ. ಫ್ಯಾನಿನ ಮುಂದೆ ಹೊಡೆದರೆ ಅಲ್ಲಿ ಒತ್ತಡ ಇಲ್ಲ, ಬರೀ ಎಳೆತ. ಲೇಥ್ ಅಂಗಡಿಯವರು ಹಿತ್ತಾಳೆ ನಿಪ್ಪಲ್ ಕೊಡುತ್ತಾರೆ, ಬೇಡ ಅನ್ನಿ. ಉಪ್ಪು ನೀರಲ್ಲಿ ಹಿತ್ತಾಳೆ ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ.

ಈ ಹೊಸ ಲೈನ್ ಪೈಪಿನ ಜಾಕೆಟ್‌ಗೆ ಮಾತ್ರ ಹೋಗಲಿ. ಸಿಲಿಂಡರಿಗೆ ತಣ್ಣೀರು ಜಾಸ್ತಿ ಕೊಟ್ಟರೆ ಪಿಸ್ಟನ್ ಬಿಸಿಯಾಗಿ ಹಿಗ್ಗುತ್ತದೆ, ಸಿಲಿಂಡರ್ ಹಿಗ್ಗುವುದಿಲ್ಲ, ಜಾಮ್ ಆಗುತ್ತದೆ. ಒಳಗೆ ಬರುವ ನೀರು ಹೆಚ್ಚಿಸಿದರೆ ಹೊರಗೆ ಹೋಗುವ ಹೋಸನ್ನೂ ಹೆಚ್ಚಿಸಿ. ಇಲ್ಲದಿದ್ದರೆ ಒತ್ತಡಕ್ಕೆ ಕ್ಲಿಪ್ ಸಮೇತ ಹೋಸ್ ಹಾರುತ್ತದೆ. ಇನ್ನು ಹೊಗೆಯೊಳಗೆ ನೀರು ಬೀಳುವ ತೂತು ಕಂಪನಿ ಕೊಟ್ಟ ಅಳತೆಯಲ್ಲೇ ಇರಲಿ. ಅದನ್ನು ದೊಡ್ಡದು ಮಾಡಿದರೆ ವಾಟರ್ ಬಾಕ್ಸ್ ತುಂಬಿ ಎಂಜಿನ್ ಎಳೆಯುವುದೇ ಇಲ್ಲ.

ಗದಗದಿಂದ ಒಬ್ಬರು:
ಸರ್, ನಮ್ಮ ಕಡೆ ನಳ ದಿನಾ ಬರುವುದಿಲ್ಲ. ಸಮುದ್ರದಿಂದ ಬಂದ ಮೇಲೆ ಎಂಜಿನ್ ಒಳಗಿನ ನೀರಿನ ದಾರಿಯನ್ನು ಬೋರ್ ನೀರಲ್ಲಿ ತೊಳೆದರೆ ನಡೆಯುತ್ತಾ?

ಉತ್ತರ:
ಬೋರ್ ನೀರು ಗಡಸು, ಅದೂ ಒಳಗೆ ಪದರ ಕಟ್ಟುತ್ತದೆ. ಆದರೂ ಉಪ್ಪು ಹಾಗೇ ಬಿಡುವುದಕ್ಕಿಂತ ಮೇಲು. ನಳದ ನೀರು ಹಿಡಿದಿಟ್ಟ ಟಾಕಿ ಮಾಳಿಗೆ ಮೇಲೆ ಇದ್ದರೆ ಅದರಿಂದ ಪೈಪ್ ಕೊಡಿ. ಇಲ್ಲೊಂದು ಮಾತು, ದಯವಿಟ್ಟು ಮನೆಯವರಿಗೂ ಹೇಳಿಡಿ: ಮೊದಲು ಎಂಜಿನ್ ಚಾಲೂ, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್, ಆಮೇಲೆ ಎಂಜಿನ್. ಎಂಜಿನ್ ನಿಂತಾಗ ನೀರನ್ನು ಹೊರಗೆ ನೂಕಲು ಹೊಗೆ ಇರುವುದಿಲ್ಲ. ನೀರು ಸೈಲೆನ್ಸರ್ ತುಂಬಿ ಸಿಲಿಂಡರಿಗೆ ಇಳಿಯುತ್ತದೆ. ನೀರನ್ನು ಅದುಮಲು ಆಗುವುದಿಲ್ಲ ಅಲ್ವಾ? ಸ್ಟಾರ್ಟರ್ ಒತ್ತಿದ ಕೂಡಲೇ ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡ್ ಬಾಗಬಹುದು. ನೀರಿಲ್ಲದೆ 15 ಸೆಕೆಂಡಿಗಿಂತ ಜಾಸ್ತಿ ಓಡಿಸಲೂ ಬೇಡಿ.

ಧಾರವಾಡದಿಂದ ಒಬ್ಬರು:
ಇಷ್ಟೆಲ್ಲ ಯಾಕೆ ರೀ, ಕಾರಿನ ರೇಡಿಯೇಟರ್ ಕೂರಿಸಿದರೆ ಆಗಲ್ವಾ?

ಉತ್ತರ:
ಮುಚ್ಚಿದ ಹೊಟ್ಟೆಯೊಳಗೆ ಗಾಳಿ ಆಡುವುದಿಲ್ಲ ಸರ್. ಸೀ-ಡೂ ಅನ್ನುವ ಜೆಟ್ ಸ್ಕೀ ಬ್ರ್ಯಾಂಡ್ 2002ರಲ್ಲಿ ತಂದ 4-ಟೆಕ್ ಎಂಜಿನ್‌ನಲ್ಲಿ ಕೂಲಂಟ್ ಒಳಗೇ ಸುತ್ತುತ್ತದೆ, ಗಾಡಿಯ ತಳದಲ್ಲಿರುವ ಲೋಹದ ಪ್ಲೇಟ್ ಅದನ್ನು ತಣಿಸುತ್ತದೆ. ಅಲ್ಲೂ ಸೈಲೆನ್ಸರ್‌ಗೆ ಮಾತ್ರ ಹೊರಗಿನ ನೀರೇ.

ಪ್ರಶ್ನೆ ಕೇಳಿದವರು, ನಾಲ್ಕು ದಿನದ ನಂತರ:
ಅಣ್ಣಾರೆ, ನೀವು ಹೇಳಿದ್ದೇ ಆಯಿತು. ಪೈಪಿನ ಕೊನೆಯ ಸಣ್ಣ ನಿಪ್ಪಲ್‌ನಲ್ಲಿ ಹೊಲಿಗೆ ಸೂಜಿಯೂ ಹೋಗುತ್ತಿರಲಿಲ್ಲ. ಜಾಕೆಟ್‌ನಿಂದ ಮರಳು, ಉಪ್ಪಿನ ಹೆಂಟೆ ಸೇರಿ ಒಂದು ಬೊಗಸೆ ಬಂತು. ಈಗ ಊದಿದರೆ ಗಾಳಿ ಸಲೀಸಾಗಿ ಹೋಗುತ್ತದೆ.

ಉತ್ತರ:
ಕೇಳಿ ಖುಷಿಯಾಯಿತು. ಎರಡನೇ ಲೈನ್ ಸದ್ಯ ಬೇಡ. ಕರಕಲು ಹೋಸ್ ಬದಲಾಯಿಸಿ, ತೇಪೆ ಹಾಕಬೇಡಿ. ಮೊದಲ ಸಲ ಎರಡೇ ನಿಮಿಷ ಓಡಿಸಿ ದಡಕ್ಕೆ ಬನ್ನಿ. ಎಂಜಿನ್ ನಿಲ್ಲಿಸಿ ಸೀಟ್ ತೆಗೆದು, ಪೆಟ್ರೋಲ್ ವಾಸನೆ ಹೋಗಲು ಬಿಡಿ. ಆಮೇಲೆ ಹೊಸ ಹೋಸ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲು ಆಗದಷ್ಟು ಬಿಸಿ ಇದ್ದರೆ ಮತ್ತೆ ಓಡಿಸದೆ ಇಲ್ಲೇ ಬರೆಯಿರಿ.