‘ಟೂರಿಂಗ್ ಕಾರ್’ ಅನ್ನುವುದಕ್ಕೆ ಕನ್ನಡದಲ್ಲಿ ಏನೆನ್ನೋಣ?

1907ರ ಒಂದು ರೋಲ್ಸ್ ರಾಯ್ಸ್ ಬಗ್ಗೆ ಬರೆಯುತ್ತಿದ್ದೇನೆ. ಚಾಸಿ ನಂಬರು 60551, ನೋಂದಣಿ ಎಎಕ್ಸ್ 201. ‘ಸಿಲ್ವರ್ ಘೋಸ್ಟ್’ ಅಂತ ಹೆಸರಾದದ್ದು ಇದೇ ಕಾರು. ಇಂಗ್ಲಿಷಿನವರು ಇದನ್ನು ‘ಓಪನ್ ಟೂರಿಂಗ್ ಕಾರ್’ ಅನ್ನುತ್ತಾರೆ. ಅಲ್ಲೇ ಸಿಕ್ಕಿಹಾಕಿಕೊಂಡೆ.

ಮೊದಲು ‘ಪ್ರವಾಸಿ ಕಾರು’ ಅಂತ ಬರೆದೆ. ಮನೆಯವರು ಓದಿ, “ಹಳದಿ ಬೋರ್ಡಾ?” ಅಂದರು. ಹೌದಲ್ವಾ, ನಮ್ಮಲ್ಲಿ ಅದು ಬಾಡಿಗೆ ಗಾಡಿ! ಅದೂ ಅಲ್ಲದೆ ಇಲ್ಲಿ ಟೂರಿಂಗ್ ಅಂದರೆ ಊರು ಸುತ್ತುವುದಲ್ಲ, ಬಾಡಿಯ ಬಗೆ. ನಾಲ್ಕೈದು ಜನ ಕೂರುವಷ್ಟು ಜಾಗ, ತಲೆ ಮೇಲೆ ಗಟ್ಟಿ ಚಾವಣಿ ಇಲ್ಲ, ಮಳೆ ಬಂದರೆ ಎಳೆದುಕೊಳ್ಳಲು ಮಡಚುವ ಕ್ಯಾನ್ವಾಸ್ ಟಾಪು. ಈ ಕಾರು ಲಂಡನ್ ಮತ್ತು ಗ್ಲಾಸ್ಗೋ ನಡುವೆ ಹಗಲು ರಾತ್ರಿ ಓಡಿ, ಕೆಟ್ಟು ನಿಲ್ಲದೆ 14,371 ಮೈಲಿ ಮುಗಿಸಿದ್ದು ನಿಜ. ಆದರೆ ಶೆಡ್ಡಿನಲ್ಲೇ ಸುಮ್ನೆ ನಿಂತಿದ್ದರೂ ಅದು ಟೂರಿಂಗ್ ಕಾರೇ. ‘ತೆರೆದ ಕಾರು’ ಅನ್ನೋಣವೆಂದರೆ ಆ ಕಾಲದ ಎರಡು ಸೀಟಿನ ಕಾರುಗಳೂ ತೆರೆದವೇ.

‘ಕೋಚ್‌ಬಿಲ್ಡರ್’ ಮಾತ್ರ ಸುಲಭವಾಗಿ ದಕ್ಕಿತು. ರೋಲ್ಸ್ ರಾಯ್ಸ್ ಆಗ ಇಂಜಿನ್ ಕೂರಿಸಿದ ಚಾಸಿ ಕೊಡುತ್ತಿತ್ತು, ಬಾಡಿ ಬೇರೆಯವರದು. ಈ ಕಾರಿನದು ಲಂಡನ್ನಿನ ಬಾರ್ಕರ್ ಕಂಪನಿಯ ಕೆಲಸ. ಅವರು ಮೊದಲಿಂದ ಕುದುರೆ ಸಾರೋಟು ಮಾಡುತ್ತಿದ್ದವರು. ಇದಕ್ಕೆ ನಿಘಂಟು ತಡಕಿ ‘ರಥಶಿಲ್ಪಿ’ ಅಂತೆಲ್ಲ ಹೊಸೆಯುವುದು ಬೇಡ. ನಮ್ಮ ಲಾರಿ ಮಾಲೀಕರು ಚಾಸಿ ತಂದು ‘ಬಾಡಿ ಕಟ್ಟಿಸುತ್ತಾರೆ’. ಅದೇ ಕೆಲಸ, ಅದೇ ಮಾತು. ‘ಬಾರ್ಕರ್‌ನವರು ಬಾಡಿ ಕಟ್ಟಿದ ಕಾರು’ ಅಂತ ಧೈರ್ಯವಾಗಿ ಬರೆದಿದ್ದೇನೆ. ಆ ಬಾಡಿಯ ಶೈಲಿಗೆ ‘ರುವಾ ದೆ ಬೆಲ್ಜ್’ ಅಂತ ಫ್ರೆಂಚ್ ಹೆಸರು, ಅಂದರೆ ಬೆಲ್ಜಿಯನ್ನರ ರಾಜ. ಎರಡನೆಯ ಲಿಯೊಪೋಲ್ಡ್ ಮಾಡಿಸಿಕೊಂಡ ಕಾರಿನಿಂದ ಬಂದದ್ದು. ಅದನ್ನು ಮುಟ್ಟಲು ಹೋಗಿಲ್ಲ.

ಇನ್ನೊಂದು ಎಡವಟ್ಟು. ಆ ಮಾಡೆಲಿನ ಹೆಸರು ‘40/50 ಎಚ್‌ಪಿ’. ‘ಸಿಲ್ವರ್ ಘೋಸ್ಟ್’ ಆಗ ಈ ಒಂದು ಕಾರಿನ ಅಂಕಿತನಾಮ, ದಸರಾ ಆನೆಗೆ ಹೆಸರಿಟ್ಟ ಹಾಗೆ. 1925ರಲ್ಲಿ ಫ್ಯಾಂಟಮ್ ಎಂಬ ಹೊಸ ಮಾಡೆಲು ಬಂದ ಮೇಲೆ ಹಳೆಯ ಇಡೀ ಸಾಲಿಗೆ ಆ ಹೆಸರು ಅಂಟಿತು. ಹಾಗಾಗಿ 1907ರ ಮಾತು ಬಂದಾಗ ‘ಒಂದು ಸಿಲ್ವರ್ ಘೋಸ್ಟ್’ ಅನ್ನುವಂತಿಲ್ಲ, ‘ಸಿಲ್ವರ್ ಘೋಸ್ಟ್ ಎಂಬ ಕಾರು’ ಅನ್ನಬೇಕು. ನಮ್ಮ ‘ಎಂಬ’ ಇಲ್ಲಿ ಎಷ್ಟು ಚೆನ್ನಾಗಿ ಕೆಲಸಕ್ಕೆ ಬರುತ್ತದೆ ನೋಡಿ.

ಉಳಿದದ್ದು ‘ಟೂರಿಂಗ್’. ‘ಟಾಪು ಮಡಚುವ ದೊಡ್ಡ ಕಾರು’ ಅಂದರೆ ಅದು ವಿವರಣೆಯಾಯಿತು, ಪದವಲ್ಲ. ನಿಮ್ಮ ಅಜ್ಜಂದಿರೋ ಹಳೇ ಗ್ಯಾರೇಜಿನವರೋ ಇಂಥ ಕಾರಿಗೆ ಬೇರೆ ಏನಾದರೂ ಹೇಳುತ್ತಿದ್ದರಾ? ಕೇಳಿದ ನೆನಪಿದ್ದರೆ ತಿಳಿಸಿ.